ಆಯುಧಸಂಗ್ರಹದಿಂದ ಇತಿಹಾಸಕ್ಕೆ

ಹಳೆಯ ಕತ್ತಿ, ಕಠಾರಿ, ಬಂದೂಕಗಳನ್ನು ಕೂಡಿಹಾಕುವುದು ಸಿರಿವಂತರ ಷೋಕಿಯೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಮೊಗಸಾಲೆಯ ಗೋಡೆಯ ಮೇಲೊಂದು ಗುರಾಣಿ, ಅದರ ಹಿಂದೆ ಅಡ್ಡಡ್ಡಲಾಗಿ ಸಿಕ್ಕಿಸಿದ ಎರಡು ಕತ್ತಿ, ಪಕ್ಕದಲ್ಲಿ ಹುಲಿಯ ಚರ್ಮ. ಆ ಹವ್ಯಾಸವೆಂದೊಡನೆ ಕಣ್ಣಿಗೆ ಕಟ್ಟುವ ಚಿತ್ರ ಇದು. ಈ ತಿಳಿವಳಿಕೆ ಪೂರ್ತಿ ತಪ್ಪೆಂದೂ ಹೇಳಲಾಗದು. ಆದರೂ ಇದೇ ಷೋಕಿಯಿಂದ ಹುಟ್ಟಿದ ಕೆಲವು ಗ್ರಂಥಗಳನ್ನು ಚರಿತ್ರೆಯ ವಿದ್ಯಾರ್ಥಿ ಇಂದಿಗೂ ಬದಿಗಿಡಲಾರ. ಮೋಹದಿಂದ ಆರಂಭವಾದದ್ದು ವಿಚಾರವಾಗಿ ಬೆಳೆಯುವುದು ಹೇಗೆ? ಎಲ್ಲಿ ಅದು ಬೆಳೆಯದೆ ನಿಂತುಹೋಗುತ್ತದೆ? ಅಂಥ ಕೆಲವು ಗ್ರಂಥಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬೇಕೆಂಬುದು ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಆಯುಧಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಗೊಡವೆ ಇದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಅರ್ಧಕ್ಕರ್ಧ ಯುದ್ಧವರ್ಣನೆ. ಕರವಾಳ, ಸುರಗಿ, ಕಠಾರಿ, ಕೊಂತ, ಸಬಳ, ಸೆಲ್ಲೆಹ, ಲೌಡಿ, ಮುಸುಂಡಿ ಎಂದು ಕವಿ ಒಂದಾದ ಮೇಲೊಂದು ಹೆಸರು ಹೇಳುತ್ತ ಹೋಗುತ್ತಾನೆ. ಟಿಪ್ಪಣಿ ನೋಡಿದರೆ ಹಲವಕ್ಕೆ ದೊರೆಯುವ ಅರ್ಥ ಒಂದೇ: 'ಒಂದು ಬಗೆಯ ಆಯುಧ'. ಕವಿಗೂ ಅವನ ಶ್ರೋತೃಗಳಿಗೂ ಅದು 'ಒಂದು ಬಗೆ'ಯಾಗಿರಲಿಲ್ಲ. ಯಾವುದು ಎಸೆಯುವಂಥದು, ಯಾವುದು ಇರಿಯುವಂಥದು, ಯಾವುದನ್ನು ಕುದುರೆಯ ಮೇಲಿಂದ ಹಿಡಿಯಬೇಕು, ಯಾವುದನ್ನು ಆಳು ನೆಲದ ಮೇಲೆ ನಿಂತು ಹಿಡಿಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಶಬ್ದವೈಭವವೆಂದು ನಾವು ಇಂದು ಮೆಚ್ಚುವುದು ಅಂದು ಕಣ್ಣಿಗೆ ಕಾಣುತ್ತಿದ್ದ ಚಿತ್ರ. ನಾವು ಕಳೆದುಕೊಂಡಿರುವ ಆ ಕಣ್ಣನ್ನು ಆಯುಧಸಂಗ್ರಾಹಕ ಬೇರೊಂದು ದಾರಿಯಿಂದ ಸಂಪಾದಿಸಿರುತ್ತಾನೆ. ಆದಕಾರಣ ಅವನಿಂದ ಕಲಿಯುವುದರಲ್ಲಿ ನಮಗೆ ಕುಂದೇನೂ ಇಲ್ಲ.

ಮೊದಲು ಹೆಸರಿಸಬೇಕಾದದ್ದು ವಿಲ್ಬ್ರಹಾಂ ಎಗರ್ಟನ್ನನ ಗ್ರಂಥ. ಈತ (೧೮೩೨–೧೯೦೯) ಇಂಗ್ಲೆಂಡಿನ ದೊಡ್ಡ ಜಮೀನುದಾರ ಮನೆತನದವನು, ಪಾರ್ಲಿಮೆಂಟಿನ ಸದಸ್ಯ. ತಾರುಣ್ಯದಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಇಲ್ಲಿಯ ಆಯುಧಗಳ ಹುಚ್ಚು ಹತ್ತಿಸಿಕೊಂಡವನು. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಬಂದ ಇಂಡಿಯಾ ಮ್ಯೂಸಿಯಂ ಎಂಬ ಸಂಗ್ರಹಾಲಯವಿತ್ತು. ೧೮೭೯-೮೦ರಲ್ಲಿ ಅದನ್ನು ಮುಚ್ಚಿ ಅದರ ವಸ್ತುಗಳನ್ನು ಬೇರೆಡೆಗೆ ಹಂಚಿದರು. ಅಲ್ಲಿದ್ದ ಆಯುಧಗಳಿಗೆ ಎಗರ್ಟನ್ ಸಿದ್ಧಪಡಿಸಿದ ವಿವರಣಾತ್ಮಕ ಪಟ್ಟಿ ೧೮೮೦ರಲ್ಲಿ ಹೊರಬಂತು. ೧೮೯೬ರಲ್ಲಿ ಅದರ ವಿಸ್ತೃತ ಆವೃತ್ತಿ ಬಂತು.

ಹೆಸರಿಗೆ ಇದು ಪಟ್ಟಿ. ಆದರೆ ಪಟ್ಟಿ ಆರಂಭವಾಗುವುದಕ್ಕೆ ಮುಂಚೆ ಭಾರತದ ಸೈನಿಕ ಇತಿಹಾಸದ ಒಂದು ಸ್ಥೂಲಚಿತ್ರವಿದೆ. ಆಯುಧಗಳನ್ನು ಆಕಾರಕ್ಕೆ ತಕ್ಕಂತೆ ಜೋಡಿಸದೆ, ಅವು ಬಂದ ನಾಡು ಮತ್ತು ಜನಗಳಿಗೆ ತಕ್ಕಂತೆ ಅವನು ಜೋಡಿಸಿದ್ದಾನೆ. ಮಧ್ಯಭಾರತದ ಬುಡಕಟ್ಟುಗಳು ಒಂದೆಡೆ, ಮರಾಠರೂ ರಜಪೂತರೂ ಇನ್ನೊಂದೆಡೆ, ಕೊಡಗು ಮಲೆಯಾಳಗಳ ಬಾಗುಗತ್ತಿಗಳು ಮತ್ತೊಂದೆಡೆ. ಇದು ಸಣ್ಣ ನಿರ್ಧಾರವಲ್ಲ. ಆಕಾರದಿಂದ ಜೋಡಿಸಿದರೆ ಕತ್ತಿ ಬರಿಯ ಕತ್ತಿಯಾಗಿ ಉಳಿಯುತ್ತದೆ. ನಾಡಿನಿಂದ ಜೋಡಿಸಿದರೆ, ಈ ಕತ್ತಿ ಹೀಗೇಕೆ ಬಾಗಿತು, ಈ ಜನ ಕಾಡಿನಲ್ಲಿ ಕಾದಿದರೋ ಬಯಲಿನಲ್ಲಿ ಕಾದಿದರೋ, ಕುದುರೆ ಇತ್ತೋ ಇಲ್ಲವೋ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತವೆ. ಎಗರ್ಟನ್ನನ ಪುಸ್ತಕ ಈಗಲೂ ಜೀವಂತವಾಗಿರುವುದು ಈ ಕಾರಣದಿಂದ. ಅವನ ಜನಾಂಗವಿಚಾರ ಹತ್ತೊಂಬತ್ತನೆಯ ಶತಮಾನದ್ದು. ಅದನ್ನು ಇಂದು ಯಾರೂ ಒಪ್ಪಲಾರರು. ಜೋಡಣೆಯ ಹಿಂದಿನ ಕುತೂಹಲ ಮಾತ್ರ ಒಪ್ಪತಕ್ಕದ್ದೇ.

ಅವನ ಗ್ರಂಥದ ಒಂದು ದೋಷವೂ ಬೋಧಪ್ರದವಾಗಿದೆ. ಅಡ್ಡಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಗುದ್ದಿದಂತೆ ನೇರವಾಗಿ ಇರಿಯುವ ಬಾಕು ಒಂದಿದೆ. ಇದಕ್ಕೆ ಎಗರ್ಟನ್ 'ಕಟಾರ್' ಎಂಬ ಹೆಸರು ಕೊಟ್ಟ. ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಈ ಆಯುಧದ ಹೆಸರು 'ಜಮ್‌ಧರ್', ಕಟಾರ್ ಎಂಬುದು ಬೇರೆ. ಎಗರ್ಟನ್ ಎರಡನ್ನೂ ಅದಲುಬದಲು ಮಾಡಿದ ಎಂದು ಭಾರತೀಯ ವಿದ್ವಾಂಸ ಜಿ. ಎನ್. ಪಂತ್ ಆಮೇಲೆ ಆಕ್ಷೇಪಿಸಿದರು. ಅಷ್ಟರಲ್ಲಿ ಹೆಸರು ಲೋಕವನ್ನೆಲ್ಲ ಸುತ್ತಿ ಬಂದಿತ್ತು. ಇಂದು ಯಾವ ದೇಶದ ವಸ್ತುಸಂಗ್ರಹಾಲಯಕ್ಕೆ ಹೋದರೂ ಗಾಜಿನ ಪೆಟ್ಟಿಗೆಯೊಳಗಿನ ಚೀಟಿ ಎಗರ್ಟನ್ನನ ಮಾತನ್ನೇ ಹೇಳುತ್ತದೆ. ಒಂದು ಚೀಟಿಯ ಬರಹ ಹೇಗೆ ಇತಿಹಾಸವಾಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ನಮಗಂತೂ ಇದು ದೂರದ ವಿಚಾರವಲ್ಲ. ವಿಜಯನಗರದ ಕಾಲದ ಬಿರುದುಗಳಲ್ಲಿ 'ಕಠಾರಿ' ಸೇರಿದೆ. ಸಾಳುವರ 'ಕಠಾರಿಸಾಳುವ' ಎಂಬ ಬಿರುದು ಪ್ರಸಿದ್ಧ. ಒಬ್ಬ ಅರಸು ತನ್ನ ಹೆಸರಿನ ಹಿಂದೆ ಒಂದು ಆಯುಧವನ್ನು ಕಟ್ಟಿಕೊಂಡಾಗ, ಅದರ ರೂಪ ಯಾವುದೆಂದು ತಿಳಿಯುವುದು ಆ ಕಾಲದ ಮನಸ್ಸನ್ನು ತಿಳಿಯುವುದಕ್ಕೆ ಹಾದಿ. 'ಫಿರಂಗಿ' ಎಂಬ ಮಾತೂ ಇಂಥದೇ. ಮರಾಠರಲ್ಲಿ ಅದು ಯುರೋಪಿನ ಅಲಗನ್ನು ನಮ್ಮ ಹಿಡಿಗೆ ಕೂಡಿಸಿದ ಕತ್ತಿಯ ಹೆಸರು. ನಮ್ಮಲ್ಲಿ ತೋಪಿನ ಹೆಸರು. ಪರದೇಶದವನು ತಂದ ಬೇರೆ ಬೇರೆ ವಸ್ತುಗಳಿಗೆ ಎರಡು ಭಾಷೆಗಳು ಅವನ ಹೆಸರನ್ನೇ ಇಟ್ಟವು. ನಿಘಂಟುಕಾರನೂ ಸಂಗ್ರಾಹಕನೂ ಒಂದೇ ಮೇಜಿಗೆ ಕೂಡದೆ ಇಂಥ ಮಾತುಗಳ ಕಥೆ ಪೂರ್ತಿಯಾಗದು.

ಎಗರ್ಟನ್ನನ ಅನಂತರ ಬಂದ ದೊಡ್ಡ ಗ್ರಂಥ ಅಮೆರಿಕದ ಜಾರ್ಜ್ ಕ್ಯಾಮರಾನ್ ಸ್ಟೋನನದು. ಎಲ್ಲ ದೇಶಗಳ, ಎಲ್ಲ ಕಾಲಗಳ ಆಯುಧಗಳಿಗೂ ಅವನು ರಚಿಸಿದ ಶಬ್ದಕೋಶ ೧೯೩೪ರಲ್ಲಿ ಪ್ರಕಟವಾಯಿತು. ಸ್ಟೋನ್ ವೃತ್ತಿಯಿಂದ ಲೋಹವಿದ್ಯೆಯನ್ನು ಬಲ್ಲ ಎಂಜಿನಿಯರು. ಅವನ ಸಂಗ್ರಹ ಅವನ ಇಚ್ಛೆಯಂತೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವನ್ನು ಸೇರಿತು. ಅವನ ಶ್ರಮ ಅಪಾರ, ಚಿತ್ರಗಳು ನೂರಾರು, ಉಪಯೋಗ ನಿಸ್ಸಂದೇಹ. ಆದರೆ ಅಕಾರಾದಿಯ ಶಿಸ್ತು ಕ್ರೂರವಾದದ್ದು. ಜಪಾನಿನ ಕತ್ತಿಯ ಪಕ್ಕದಲ್ಲಿ ಆಫ್ರಿಕದ ಈಟಿ, ಅದರ ಪಕ್ಕದಲ್ಲಿ ಮಲೆಯಾಳದ ಬಾಕು ಬಂದು ಕೂಡುತ್ತವೆ. ಜಾತ್ರೆಯಲ್ಲಿ ಕೂಡಿದವರಂತೆ ಅವುಗಳಿಗೆ ಪರಸ್ಪರ ಪರಿಚಯವಿಲ್ಲ. 'ಇದು ಏನು?' ಎಂಬ ಪ್ರಶ್ನೆಗೆ ಸ್ಟೋನ್ ಉತ್ತರ ಕೊಡುತ್ತಾನೆ. 'ಇದು ಇಲ್ಲಿ ಏಕೆ?' ಎಂಬ ಪ್ರಶ್ನೆಗೆ ನಾವು ಎಗರ್ಟನ್ನನ ಬಳಿಗೇ ಮರಳಬೇಕಾಗುತ್ತದೆ. ಹೆಚ್ಚು ವಸ್ತುಗಳನ್ನು ಬಲ್ಲ ಗ್ರಂಥವೇ ಹೆಚ್ಚು ಇತಿಹಾಸವನ್ನು ಬಲ್ಲದ್ದೆಂದು ಹೇಳಲಾಗದು.

ಒಂದೇ ಬಗೆಯ ವಸ್ತುವಿನ ಹಿಂದೆ ಬಿದ್ದವನು ಎಷ್ಟು ದೂರ ಹೋಗಬಲ್ಲನೆಂಬುದಕ್ಕೆ ರಾಬಿನ್ ವಿಗಿಂಗ್ಟನ್ನನ ಗ್ರಂಥವನ್ನು ನೋಡಬೇಕು. ಟಿಪ್ಪುಸುಲ್ತಾನನ ಬಂದೂಕ ಪಿಸ್ತೂಲುಗಳನ್ನು ಕುರಿತ ಈ ಪುಸ್ತಕ ೧೯೯೨ರಲ್ಲಿ ಬಂತು. ಕರ್ತೃ ಪ್ರಾಧ್ಯಾಪಕನಲ್ಲ; ಸಂಗ್ರಾಹಕ. ಟಿಪ್ಪುವಿನ ಬಂದೂಕಗಳ ಮೇಲೆ ಹುಲಿಯ ಪಟ್ಟೆಗಳಿರುತ್ತವೆ, ಹುಲಿಯ ಮುಖವಿರುತ್ತದೆ. ಜೊತೆಗೆ ಊರಿನ ಹೆಸರು, ತಯಾರಾದ ವರ್ಷ. ವರ್ಷವನ್ನು ಓದಹೊರಟವನಿಗೆ ತೊಡಕು ಎದುರಾಗುತ್ತದೆ. ಅದು ಹಿಜರಿಯಲ್ಲ. ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆ. ಟಿಪ್ಪು ತಾನೇ ಬಳಕೆಗೆ ತಂದದ್ದು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಈ ಪಂಚಾಂಗದ ಒಳಹೊಕ್ಕು ನೋಡಿದರೆ ನಮ್ಮ ಪ್ರಭವ ವಿಭವಾದಿ ಅರವತ್ತು ಸಂವತ್ಸರಗಳ ಚಕ್ರವೇ ಬೇರೆ ಹೆಸರು ತೊಟ್ಟು ಅಲ್ಲಿ ಕುಳಿತಿದೆ! ಬಂದೂಕದ ನಳಿಗೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಲು ಹೋದವನು ಕಾಲಗಣನೆಗೆ, ಅಲ್ಲಿಂದ ಆಡಳಿತಕ್ಕೆ, ಅಲ್ಲಿಂದ ಪಟ್ಟಣದಲ್ಲಿಯೂ ನಗರದಲ್ಲಿಯೂ ನಡೆಯುತ್ತಿದ್ದ ಕಾರ್ಖಾನೆಗಳಿಗೆ ಬರುತ್ತಾನೆ. ಒಬ್ಬ ಅರಸನನ್ನು ದೇವರೆಂದೋ ದೈತ್ಯನೆಂದೋ ಕಾಣುವ ಬರಹಗಳು ನಮ್ಮಲ್ಲಿ ಹೇರಳವಾಗಿವೆ. ಅವನ ಬಂದೂಕದ ಮೇಲಿನ ತಾರೀಖನ್ನು ಸರಿಯಾಗಿ ಓದಿದ ಬರಹಕ್ಕೆ ಆ ಎರಡು ಚಟಗಳೂ ಇಲ್ಲದಿರುವುದು ಗಮನಿಸತಕ್ಕ ಸಂಗತಿ.

ಇನ್ನು ಅಲಗಿನ ಮಾತು. ಹೆಸರು ತಿಳಿಯಿತು, ಕಾಲ ತಿಳಿಯಿತು, ಕಬ್ಬಿಣ ಎಲ್ಲಿಯದು? ನೀರಿನ ಅಲೆಯಂಥ ಗೆರೆಗಳಿರುವ ಪರ್ಷಿಯ, ಅರೇಬಿಯಗಳ ಹೆಸರಾಂತ ಅಲಗುಗಳಿಗೆ ದಕ್ಷಿಣ ಭಾರತದ ಉಕ್ಕು ಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಅದನ್ನು 'ವೂಟ್ಸ್' ಎಂದರು. ಅದು ನಮ್ಮ 'ಉಕ್ಕು' ಎಂಬ ಮಾತಿನ ರೂಪಾಂತರವೆಂದು ಬಲ್ಲವರ ಅಭಿಪ್ರಾಯ. ಮುಂಬಯಿಯಿಂದ ಹೋದ ಉಕ್ಕಿನ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದ. ಮುಂದೆ ವಿದ್ಯುತ್ತಿನ ಸಂಶೋಧನೆಯಿಂದ ಖ್ಯಾತನಾದ ಮೈಕೆಲ್ ಫ್ಯಾರಡೆ ೧೮೧೯ರಿಂದ ಕೆಲವು ವರ್ಷ ಇದೇ ಉಕ್ಕಿನ ಗುಟ್ಟನ್ನು ಒಡೆಯಲು ಹೆಣಗಿದ; ಅವನ ಜೊತೆಗಾರ ಸ್ಟೋಡಾರ್ಟ್ ಚಾಕು ಕತ್ತರಿಗಳನ್ನು ಮಾಡುವ ಕಸಬಿನವನು. ಕತ್ತಿಯ ಮೇಲಿನ ಗೆರೆಗಳ ಬೆಡಗು ಹೀಗೆ ಲೋಹಶಾಸ್ತ್ರದ ಚರಿತ್ರೆಯಲ್ಲಿ ಒಂದು ಅಧ್ಯಾಯವಾಯಿತು. ಬೆಂಗಳೂರಿನ ವಿದ್ವಾಂಸರಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ೨೦೦೪ರಲ್ಲಿ ಈ ಉಕ್ಕನ್ನು ಕುರಿತು ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಈ ದಾರಿಯಲ್ಲಿ ಹೋದವನು ಕೊನೆಗೆ ಬಂದು ನಿಲ್ಲುವುದು ನಮ್ಮ ಮಾಗಡಿ ಮಧುಗಿರಿ ಸೀಮೆಗಳಲ್ಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣದ ಕುಲುಮೆಗಳನ್ನೂ ಉಕ್ಕಿನ ಭಟ್ಟಿಗಳನ್ನೂ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅವನ ಪ್ರವಾಸಗ್ರಂಥ ೧೮೦೭ರಲ್ಲಿ ಅಚ್ಚಾಯಿತು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಟ್ಟಿಗೆ, ಹಸಿಯ ಎಲೆ. ಬಾಯಿ ಮೆತ್ತಿ ಬೆಂಕಿಗಿಟ್ಟು, ತಿದಿ ಒತ್ತಿ ಕಾಯಿಸುವುದು. ಚೆನ್ನಪಟ್ಟಣದಲ್ಲಿ ಉಕ್ಕಿನಿಂದ ವಾದ್ಯಗಳ ತಂತಿಯನ್ನು ಎಳೆಯುತ್ತಿದ್ದರೆಂದೂ ಅದು ದೂರದೂರದ ನಾಡುಗಳಿಗೆ ಹೋಗುತ್ತಿತ್ತೆಂದೂ ಅವನೇ ಹೇಳುತ್ತಾನೆ. ಕತ್ತಿಯ ಬೆನ್ನು ಹತ್ತಿ ಹೊರಟವನು ವೀಣೆಯ ತಂತಿಗೆ ಬಂದು ಮುಟ್ಟಿದ! ಆಯುಧಸಂಗ್ರಹದ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದು ನನಗೆ ಅತ್ಯಂತ ಪ್ರಿಯವಾದದ್ದು. ಕುಲುಮೆಯ ಮುಂದೆ ತಿದಿ ಒತ್ತಿದವನ ಹೆಸರು ಯಾವ ಕತ್ತಿಯ ಮೇಲೂ ಇಲ್ಲ. ಆದರೆ ಅವನ ಕೈಕೆಲಸ ಅಲಗಿನಲ್ಲಿದೆ. ಅರಸರ ಚರಿತ್ರೆಯಿಂದ ಕಸುಬುದಾರರ ಚರಿತ್ರೆಗೆ ಹೋಗಲು ಬೇರೆ ಸೇತುವೆಗಳು ಹೆಚ್ಚಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಪ್ರಶ್ನೆ ಉಳಿಯುತ್ತದೆ. ಸಂಗ್ರಾಹಕನ ಕೈಗೆ ಈ ವಸ್ತು ಬಂದದ್ದು ಹೇಗೆ? ೧೮೫೭ರ ದಂಗೆಯ ಕಾಲದಲ್ಲಿ ಕಂಪನಿ ಸರಕಾರ ಆಯುಧಗಳ ಕಾಯಿದೆ ಮಾಡಿತು. ಜನರಿಂದ ಕತ್ತಿ ಬಂದೂಕಗಳನ್ನು ಕಸಿದುಕೊಂಡಿತು. ೧೮೭೮ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂತು. ಎರಡು ವರ್ಷದ ಮೇಲೆ ಎಗರ್ಟನ್ನನ ಪಟ್ಟಿ. ಅಲಗು ಎಷ್ಟು ಅಂಗುಲ, ಹಿಡಿ ಯಾವ ಲೋಹ, ಬಂದದ್ದು ಯಾವ ನಾಡಿನಿಂದ ಎಂದು ಆ ಪಟ್ಟಿ ಶ್ರದ್ಧೆಯಿಂದ ತಿಳಿಸುತ್ತದೆ. ಅದನ್ನು ಕಳೆದುಕೊಂಡವನ ಮಾತು ಅಲ್ಲಿ ಕೇಳಿಸುವುದಿಲ್ಲ.

ಆ ಮಾತು ಕೇಳಬೇಕಾದರೆ ನಮ್ಮ ಲಾವಣಿಗಳ ಬಳಿಗೆ ಬರಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸುವುದಿಲ್ಲವೆಂದು ೧೮೫೭ರ ನವೆಂಬರಿನಲ್ಲಿ ತಿರುಗಿಬಿದ್ದರು. ಸರಕಾರದ ದಂಡು ಬಂದು ಊರನ್ನು ಸುಟ್ಟಿತು. ಹಿಡಿಸಿಕೊಂಡವರನ್ನು ಗಲ್ಲಿಗೆ ಹಾಕಿದರು. ಜಡಗ, ಬಾಲ, ಹನುಮ, ರಾಮರ ಹೆಸರುಗಳನ್ನು ಹೊತ್ತ ಹಲಗಲಿಯ ಲಾವಣಿಯನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದನ್ನು ಬರೆದುಕೊಂಡು ಇಂಗ್ಲಿಷ್ ಅನುವಾದದೊಡನೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚುಹಾಕಿಸಿದವನು ಶಾಸನಪಂಡಿತ ಫ್ಲೀಟ್. ಅದೂ ೧೮೮೦ರ ದಶಕದಲ್ಲಿಯೇ. ಒಂದೇ ದಶಕದಲ್ಲಿ ಅಚ್ಚಾದ ಪಟ್ಟಿ, ಲಾವಣಿ ಇವೆರಡನ್ನೂ ಜೊತೆಯಲ್ಲಿಟ್ಟು ಓದಬೇಕೆಂಬುದು ನನ್ನ ಆಗ್ರಹ. ಪಟ್ಟಿಗೆ ಕತ್ತಿ ಒಂದು ವಸ್ತು. ಲಾವಣಿಗೆ ಅದು ಮನುಷ್ಯನ ಮಾನ. ಲಾವಣಿಯನ್ನು ಓದದ ಸಂಗ್ರಾಹಕನಿಗೆ ತನ್ನ ಗೋಡೆಯ ಮೇಲಿರುವುದು ಏನೆಂದು ಪೂರ್ತಿ ತಿಳಿಯದು. ಪಟ್ಟಿಯನ್ನು ಓದದ ಸಾಹಿತ್ಯದ ವಿದ್ಯಾರ್ಥಿಗೆ, ಹಲಗಲಿಯವರು ಪ್ರಾಣಕ್ಕಿಂತ ಮಿಗಿಲೆಂದು ಹಿಡಿದುಕೊಂಡದ್ದರ ತೂಕ ತಿಳಿಯದು.

ಇದಕ್ಕೆ ಇದಿರಾಗಿ ಕೊಡಗನ್ನು ನೋಡಿ. ೧೮೬೧ರಲ್ಲಿ ಕೊಡವರಿಗೆ ಆಯುಧದ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಒಡಿಕತ್ತಿ, ಪೀಚೆಕತ್ತಿಗಳು ಅಲ್ಲಿ ಮನೆಯ ವಸ್ತುಗಳಾಗಿಯೇ ಉಳಿದವು. ಕೈಲ್ ಮುಹೂರ್ತದಂದು ಅವಕ್ಕೆ ಪೂಜೆ ನಡೆಯುತ್ತದೆ. ಎಗರ್ಟನ್ನನ ಪಟ್ಟಿಯಲ್ಲಿ ಕೊಡಗಿನ ಕತ್ತಿಯೂ ಇದೆ. ಆದರೆ ಮಡಿಕೇರಿಯ ಸೀಮೆಯಲ್ಲಿ ಅದರ ಅರ್ಥ ತಿಳಿಯಲು ಪಟ್ಟಿ ಬೇಡ. ಮದುಮಗನ ಸೊಂಟವನ್ನು ನೋಡಿದರೆ ಸಾಕು. ಆಯುಧಕ್ಕೂ ಆಚರಣೆಗೂ ಇರುವ ಈ ನಂಟನ್ನು ಹಿಡಿದು ದಕ್ಷಿಣ ಭಾರತದ ಆಯುಧಗಳನ್ನು ವಿವರಿಸಿದ ಹಿರಿಮೆ ರಾಬರ್ಟ್ ಎಲ್ಗುಡ್ಡನಿಗೆ ಸಲ್ಲಬೇಕು. ಹಿಂದೂ ಆಯುಧಗಳು ಮತ್ತು ಧಾರ್ಮಿಕ ವಿಧಿಗಳನ್ನು ಕುರಿತ ಅವನ ಗ್ರಂಥ ೨೦೦೪ರದು. ಹಿಡಿಯ ಮೇಲಿನ ಯಾಳಿ, ಸಿಂಹ, ಗಿಳಿ, ಮೊಸಳೆಗಳನ್ನು ಅವನು ಬರಿಯ ಅಲಂಕಾರವೆಂದು ಬಿಡುವುದಿಲ್ಲ. ದೇವಾಲಯದ ಕಂಬಗಳೊಡನೆ ಇಟ್ಟು ನೋಡುತ್ತಾನೆ. ನಮ್ಮ ಆಯುಧಪೂಜೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಆದರೆ ಬಲ್ಲವರು ಬರೆಯಲಿಲ್ಲ, ದೂರದವನು ಬರೆದ.

ಸಂಗ್ರಹವೆಂಬುದು ಕಸಿದುಕೊಂಡದ್ದೆಂದು ಬರಿದೇ ಬೈದು ಮುಗಿಸುವುದೂ ನ್ಯಾಯವಲ್ಲ. ಸಂಗ್ರಹ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ತಂಜಾವೂರಿನ ಶಸ್ತ್ರಾಗಾರ ಸಾಕ್ಷಿ. ಅರಸೊತ್ತಿಗೆ ಮುಗಿದ ಮೇಲೆ ಅಲ್ಲಿಯ ಆಯುಧಗಳಲ್ಲಿ ಆಯ್ದ ಕೆಲವು ಮದರಾಸಿನ ಸಂಗ್ರಹಾಲಯ ಸೇರಿದವು; ಬಹುಪಾಲು ಮುರಿಸಿಕೊಂಡು ಹಳೆಯ ಕಬ್ಬಿಣದ ಬೆಲೆಗೆ ಮಾರಿಹೋದವು. ಈ ಕಥೆಯನ್ನು ೧೮೭೮ರಲ್ಲಿ ಬರೆದಿಟ್ಟವನು ವಾಲ್‌ಹೌಸ್ ಎಂಬ ಅಧಿಕಾರಿ. ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿ, ತುಳುನಾಡಿನ ಭೂತಾರಾಧನೆಯನ್ನು ಕುರಿತು ಮೊದಮೊದಲು ಇಂಗ್ಲಿಷಿನಲ್ಲಿ ಬರೆದವರಲ್ಲಿ ಇವನೂ ಒಬ್ಬ. ಹಳೆಯ ಕತ್ತಿಯನ್ನು ನೋಡಿ ಮರುಗಬಲ್ಲ ಮನಸ್ಸೇ ಭೂತಸ್ಥಾನದ ಮುಂದೆಯೂ ನಿಂತು ನೋಡಬಲ್ಲದೆಂಬುದು ಆಕಸ್ಮಿಕವಲ್ಲ.

ಇಂದಿನ ಪರಿಸ್ಥಿತಿ ಏನು? ೨೦೨೩ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಶಯನಾಗಾರದ್ದೆನ್ನುವ ಒಂದು ಕತ್ತಿ ೧ ಕೋಟಿ ೪೦ ಲಕ್ಷ ಪೌಂಡಿಗೆ ಹೋಯಿತು. ಪತ್ರಿಕೆಗಳೆಲ್ಲ ಬೆಲೆಯನ್ನೇ ಬರೆದವು. ಅದಕ್ಕೆ ಐದು ವರ್ಷ ಮೊದಲು, ೨೦೧೮ರಲ್ಲಿ, ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಒಂದು ಹಾಳುಬಾವಿಯಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದವು. ತುಕ್ಕುಹಿಡಿದ ಕಬ್ಬಿಣದ ಕೊಳವೆಗಳು, ಚಿನ್ನವಿಲ್ಲ, ಕೆತ್ತನೆಯಿಲ್ಲ, ಹರಾಜಿನವನಿಗೆ ರುಚಿಸುವಂಥವಲ್ಲ. ಆದರೆ ಮದ್ದನ್ನು ಬಿದಿರಿನಲ್ಲಿಯೋ ಕಾಗದದಲ್ಲಿಯೋ ತುಂಬದೆ ಕಬ್ಬಿಣದಲ್ಲಿ ತುಂಬಿದ್ದರಿಂದಲೇ ಮೈಸೂರಿನ ರಾಕೆಟ್ಟು ಅಷ್ಟು ದೂರ ಹಾರಿತೆಂಬುದಕ್ಕೆ ಆ ಕೊಳವೆಗಳೇ ಪ್ರಮಾಣ. ಎರಡರಲ್ಲಿ ಯಾವುದು ನಮ್ಮನ್ನು ಇತಿಹಾಸಕ್ಕೆ ಹೆಚ್ಚು ಹತ್ತಿರ ಒಯ್ಯುತ್ತದೆ? ಬೆಲೆ ಏರಿದಷ್ಟೂ ವಸ್ತು ಪೆಟ್ಟಿಗೆಯ ಒಳಕ್ಕೆ ಹೋಗುತ್ತದೆ; ಪ್ರಶ್ನೆ ಕೇಳುವವನಿಗೆ ಸಿಗುವುದಿಲ್ಲ.

ನಮ್ಮಲ್ಲಿ ಸಂಗ್ರಹಾಲಯದ ಪೆಟ್ಟಿಗೆಗಿಂತ ದೊಡ್ಡ ಶಸ್ತ್ರಾಗಾರವೊಂದು ಬಯಲಲ್ಲೇ ನಿಂತಿದೆ. ಅದು ವೀರಗಲ್ಲು. ಬೆಂಗಳೂರಿನ ಸರಕಾರಿ ಸಂಗ್ರಹಾಲಯದಲ್ಲಿರುವ ಬೇಗೂರಿನ ಗಂಗರ ಕಾಲದ ಕಲ್ಲನ್ನು ನೋಡಿದವರಿಗೆ ಇದು ಗೊತ್ತು: ಆನೆ, ಕುದುರೆ, ಬಿಲ್ಲು, ಕತ್ತಿ, ಗುರಾಣಿ, ಬಿದ್ದವರು, ಬೀಳುತ್ತಿರುವವರು. ಕವಿ ಹೇಳಿದ ಹೆಸರು ಒಂದೆಡೆ ಇದೆ. ಶಿಲ್ಪಿ ಕಂಡರಿಸಿದ ಆಕಾರ ಇನ್ನೊಂದೆಡೆ. ಕಮ್ಮಾರ ಮಾಡಿದ ವಸ್ತು ಮತ್ತೊಂದೆಡೆ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟಿಸಿದ ಶಾಸನಗಳ ಸಾಂಸ್ಕೃತಿಕ ಅಧ್ಯಯನ, ಆರ್. ಶೇಷಶಾಸ್ತ್ರಿಯವರು ೧೯೮೨ರಲ್ಲಿ ಪ್ರಕಟಿಸಿದ ವೀರಗಲ್ಲುಗಳ ಅಧ್ಯಯನ ಇವು ದಾರಿಯನ್ನು ತೋರಿಸಿಕೊಟ್ಟಿವೆ. ಈ ಮೂರನ್ನೂ ಒಂದು ಪುಟದ ಮೇಲೆ ಕೂಡಿಸಿ, ಹಳಗನ್ನಡ ನಡುಗನ್ನಡ ಕಾವ್ಯಗಳ ಆಯುಧಗಳಿಗೆ ಚಿತ್ರಸಹಿತವಾದ ಒಂದು ಕೋಶವನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯಗಳಿಗೆ ಅಸಾಧ್ಯವಾದ ಕೆಲಸವೇನೂ ಅಲ್ಲ. ಅದಕ್ಕೆ ಎಗರ್ಟನ್ನನ ಜೋಡಣೆ ಬೇಕು, ಬುಕಾನನ್ನನ ಕಣ್ಣು ಬೇಕು, ಹಲಗಲಿಯ ಲಾವಣಿಕಾರನ ಕಿವಿಯೂ ಬೇಕು.

ಸಂಗ್ರಹದ ಬೆಲೆಯನ್ನು ಅಳೆಯಬೇಕಾದದ್ದು ಗೋಡೆಯ ಮೇಲಿರುವ ಕತ್ತಿಗಳ ಸಂಖ್ಯೆಯಿಂದಲ್ಲ. ಇದನ್ನು ಏನೆಂದು ಕರೆದರು, ಯಾರು ಮಾಡಿದರು, ಯಾರ ಕೈಯಿಂದ ಕಸಿದರು ಎಂಬ ಮೂರು ಪ್ರಶ್ನೆಗಳನ್ನು ಸಂಗ್ರಾಹಕ ಕೇಳಿದನೋ ಇಲ್ಲವೋ ಎಂಬುದರಿಂದ. ಮೊದಲನೆಯದನ್ನು ಕೇಳಿದವರು ಬಹುಮಂದಿ; ಎರಡನೆಯದನ್ನು ಕೇಳಿದವರು ಕೆಲವರು. ಮೂರನೆಯದನ್ನು ನಮ್ಮ ಲಾವಣಿಕಾರ ನೂರೈವತ್ತು ವರ್ಷಗಳ ಹಿಂದೆಯೇ ಕೇಳಿಬಿಟ್ಟಿದ್ದಾನೆ. ಆ ಮೂರಕ್ಕೂ ಉತ್ತರ ಹುಡುಕುವವರೆಗೆ 'ಒಂದು ಬಗೆಯ ಆಯುಧ' ಎಂದು ಅರ್ಥ ಬರೆದು ಮುಂದಿನ ಪದ್ಯಕ್ಕೆ ಹೋಗುವ ಹಕ್ಕು ನಮಗಿಲ್ಲ.